ವಯಸ್ಸಿನ ಖಾತೆಗೆ ಬರೆದ ನೋವುಗಳು

ಮುಪ್ಪಿನ ಬಗ್ಗೆ ಕನ್ನಡದಲ್ಲಿರುವ ಗಾದೆಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದೂ ಬಹುಶಃ ಅತಿ ಹೆಚ್ಚು ಹಾನಿ ಮಾಡಿರುವುದೂ ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯೇ. ಅರವತ್ತು ತುಂಬಿದ ಮೇಲೆ ಬುದ್ಧಿ ಹಿಂದುಮುಂದಾಗುವುದು ಸಹಜವೆಂದು ಒಮ್ಮೆ ಒಪ್ಪಿಕೊಂಡರೆ ಸಾಕು, ಹಿರಿಯರ ಮರೆವು, ಮುನಿಸು, ಮಂಡಿನೋವು, ನಿದ್ರೆಯಿಲ್ಲದ ರಾತ್ರಿ ಎಲ್ಲವೂ ಒಂದೇ ಖಾತೆಗೆ ಜಮೆಯಾಗುತ್ತವೆ. ಚಿಕ್ಕಬಳ್ಳಾಪುರ ಜಿಲ್ಲೆಯ ಚಿಂತಾಮಣಿ, ಶಿಡ್ಲಘಟ್ಟ ಕಡೆಯ ಮನೆಗಳಲ್ಲಿ ಆ ಖಾತೆಯ ಹೆಸರು ‘ವಯಸ್ಸಾಯ್ತಲ್ಲ’. ಈ ಮಾತನ್ನು ಮಗ ಹೇಳುತ್ತಾನೆ, ಔಷಧಿ ಅಂಗಡಿಯವರು ಹೇಳುತ್ತಾರೆ, ಕೆಲವೊಮ್ಮೆ ವೈದ್ಯರೂ ಹೇಳುತ್ತಾರೆ, ಕೊನೆಗೆ ನೋವು ಉಣ್ಣುತ್ತಿರುವ ಹಿರಿಯರೇ ಅದನ್ನು ತಮಗೆ ತಾವೇ ಹೇಳಿಕೊಂಡು ಸುಮ್ಮನಾಗುತ್ತಾರೆ.

ವಾಸ್ತವದಲ್ಲಿ ಮುಪ್ಪು ಎಂಬ ಒಂದೇ ಶಬ್ದದೊಳಗೆ ಬೇರೆ ಬೇರೆ ಸಂಗತಿಗಳು ಬೆರೆತು ಕುಳಿತಿವೆ. ಅಂಗಾಂಗಗಳು ಕಾಲಕ್ರಮದಲ್ಲಿ ಸವೆಯುವುದು ನಿಜವಾದ ಮುಪ್ಪು. ವಯಸ್ಸಾದವರಲ್ಲಿ ಹೆಚ್ಚಾಗಿ ಕಾಣಿಸಿಕೊಂಡರೂ ಚಿಕಿತ್ಸೆಗೆ ಬಗ್ಗುವಂಥವು ರೋಗಗಳು. ಇವೆರಡರ ಮೇಲೆ ಊರಿನ ನೀರು, ಮಾಡಿದ ದುಡಿಮೆ ಮತ್ತು ಒಂಟಿತನ ಹೇರಿದ ಭಾರ ಪ್ರತ್ಯೇಕವಾಗಿಯೇ ಇದೆ. ಮೊದಲನೆಯದಕ್ಕೆ ಹೊಂದಿಕೊಳ್ಳಬೇಕು, ಎರಡನೆಯದನ್ನು ಆಸ್ಪತ್ರೆಗೆ ತೋರಿಸಬೇಕು, ಮೂರನೆಯದನ್ನು ಮನೆ ಮತ್ತು ಊರಿನ ಮಟ್ಟದಲ್ಲಿ ಸರಿಪಡಿಸಬೇಕು. ಯಾವುದು ಯಾವುದೆಂದು ಬಿಡಿಸಿ ನೋಡದೆ ಎಲ್ಲಕ್ಕೂ ಹೊಂದಿಕೊಂಡು ಹೋಗುವುದೇ ಈ ಭಾಗದ ಹಿರಿಯರ ದೊಡ್ಡ ಕಷ್ಟ.

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರಚನೆಯಾದ ಚಿಕ್ಕಬಳ್ಳಾಪುರ ಜಿಲ್ಲೆಗೆ ದೀರ್ಘಾಯುಷ್ಯದ ವಿಷಯದಲ್ಲಿ ಹೇಳಿಕೊಳ್ಳಲು ಎರಡು ದೊಡ್ಡ ಹೆಸರುಗಳಿವೆ. ಚಿಂತಾಮಣಿ ತಾಲ್ಲೂಕಿನ ಕೈವಾರದ ಯೋಗಿ ನಾರೇಯಣರು ನೂರಹತ್ತು ವರ್ಷ ಬಾಳಿದರೆಂದು ಸಂಪ್ರದಾಯ ಹೇಳುತ್ತದೆ, ಅವರನ್ನು ಜನ ಕರೆಯುವುದೇ ‘ತಾತಯ್ಯ’ ಎಂದು. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು 1962ರಲ್ಲಿ ನಿಧನರಾಗುವಾಗ ನೂರು ದಾಟಿದ್ದರು, ಭಾರತ ರತ್ನ ಬಂದ 1955ರಲ್ಲಿ ತೊಂಬತ್ತು ದಾಟಿದ್ದರು. ಆದರೆ ಹಿರಿಯರ ಸಭೆಗಳಲ್ಲಿ ವಿಶ್ವೇಶ್ವರಯ್ಯನವರ ಶಿಸ್ತನ್ನು ಮತ್ತೆ ಮತ್ತೆ ಮಾದರಿಯಾಗಿ ಮುಂದಿಡುವುದು ಅಷ್ಟೇನೂ ನ್ಯಾಯವಲ್ಲ, ಏಕೆಂದರೆ ನಲವತ್ತು ವರ್ಷ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತ ಬೆನ್ನಿಗೂ ರೇಷ್ಮೆ ನೂಲು ಬಿಚ್ಚಲು ಬಿಸಿನೀರಿನ ಮುಂದೆ ಕುಳಿತ ಕೈಗಳಿಗೂ ಎದುರಾಗುವ ಮುಪ್ಪು ಬೇರೆಯೇ. ಅದರ ಲೆಕ್ಕ ಶಿಸ್ತಿನಿಂದ ಮಾತ್ರ ಬಗೆಹರಿಯುವಂಥದ್ದಲ್ಲ.

ದೇಹದ ಬದಲಾವಣೆಗಳಲ್ಲಿ ಎಲ್ಲಕ್ಕಿಂತ ಸದ್ದಿಲ್ಲದೆ ಬರುವುದು ಸ್ನಾಯುಗಳ ಇಳಿಕೆ. ನಡುವಯಸ್ಸಿನಿಂದಲೇ ಆರಂಭವಾಗಿ ಅರವತ್ತರ ನಂತರ ವೇಗ ಪಡೆಯುವ ಈ ಕ್ಷಯಕ್ಕೆ ವೈದ್ಯರು ‘ಸಾರ್ಕೊಪೀನಿಯಾ’ ಎನ್ನುತ್ತಾರೆ. ತೂಕ ಅಷ್ಟೇ ಇದ್ದರೂ ಒಳಗೆ ಮಾಂಸಖಂಡ ಕಡಿಮೆಯಾಗಿ ಕೊಬ್ಬು ಹೆಚ್ಚುವುದರಿಂದ ಕನ್ನಡಿಗೆ ಇದು ಗೊತ್ತಾಗುವುದಿಲ್ಲ. ಗೊತ್ತು ಮಾಡಿಕೊಳ್ಳುವ ಸರಳ ವಿಧಾನವೊಂದಿದೆ: ಕೈಗಳನ್ನು ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಬಾರಿ ಎದ್ದು ಕೂರಬೇಕು. ಅದಕ್ಕೆ 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಕಾಲಿನ ಬಲ ಕುಗ್ಗಿದೆಯೆಂದು ಅರ್ಥ ಎಂದು ಏಷ್ಯಾದ ತಜ್ಞರ ಗುಂಪೊಂದು 2019ರಲ್ಲಿ ಸೂಚಿಸಿದೆ. ಸಮಾಧಾನದ ಸಂಗತಿಯೆಂದರೆ ಎಂಬತ್ತರ ಸ್ನಾಯುವೂ ವ್ಯಾಯಾಮಕ್ಕೆ ಸ್ಪಂದಿಸುತ್ತದೆ. ಆ ಪರೀಕ್ಷೆಯನ್ನೇ ದಿನವೂ ನಾಲ್ಕೈದು ಸಲ ಮಾಡುವುದು ಒಳ್ಳೆಯ ವ್ಯಾಯಾಮ, ಅದಕ್ಕೆ ಗೋಡೆಗೆ ಒರಗಿಸಿಟ್ಟ ಗಟ್ಟಿಯಾದ ಒಂದು ಕುರ್ಚಿ ಇದ್ದರಾಯಿತು.

ಸ್ನಾಯುವಿಗೆ ಬೇಕಾದ ಪ್ರೋಟೀನಿನ ವಿಷಯಕ್ಕೆ ಬಂದರೆ ಈ ಸೀಮೆಯ ಊಟದಲ್ಲಿ ಒಂದು ಮೋಸ ಅಡಗಿದೆ. ರಾಗಿಯಲ್ಲಿ ಸುಣ್ಣದಂಶ ಹೇರಳ, 100 ಗ್ರಾಂ ಹಿಟ್ಟಿಗೆ ಸುಮಾರು 350 ಮಿಲಿಗ್ರಾಂ. ಪ್ರೋಟೀನ್ ಮಾತ್ರ ಏಳು ಗ್ರಾಂ ಆಸುಪಾಸು. ಆ ಕೊರತೆ ತುಂಬಲೆಂದೇ ಹಿಂದಿನವರು ಮುದ್ದೆಯ ಜೊತೆಗೆ ಹುರುಳಿ, ಅವರೆ, ಅಲಸಂದೆ ಕಾಳುಗಳನ್ನು ಇಟ್ಟುಕೊಂಡಿದ್ದರು. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ಹಾಗಾಗಿ ಹಲ್ಲು ಹೋದವರು ಅಕ್ಕಿ ಚಪಾತಿಗಳ ನಾಡಿನಲ್ಲಾದರೆ ಬೇಗ ಸಿಕ್ಕಿಬೀಳುತ್ತಾರೆ, ಇಲ್ಲಿ ಎಷ್ಟು ವರ್ಷವಾದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಹಲ್ಲಿಲ್ಲದ ಅಜ್ಜಿ ಬಸ್ಸಾರಿನ ಕಟ್ಟನ್ನಷ್ಟೇ ಮುದ್ದೆಗೆ ಹಾಕಿಸಿಕೊಂಡು ಕಾಳನ್ನು ಮೊಮ್ಮಗನ ತಟ್ಟೆಗೆ ಸರಿಸುವಾಗ ನೋಡಿದವರಿಗೆ ಅದು ವಾತ್ಸಲ್ಯವೆಂದೇ ತೋರುತ್ತದೆ, ಆದರೆ ಸ್ನಾಯು ಕರಗುವ ದಾರಿಯೂ ಅದೇ. ಬೆಂದ ಕಾಳಿನಲ್ಲಿ ಒಂದು ಹಿಡಿಯನ್ನು ಖಾರದ ಜೊತೆಗೇ ರುಬ್ಬಿ ಸಾರಿಗೆ ಸೇರಿಸುವುದು, ಹಿತಕಿದ ಬೇಳೆಯನ್ನು ಮೆತ್ತಗೆ ಬೇಯಿಸುವುದು, ರಾತ್ರಿ ಊಟಕ್ಕೆ ಮೊಸರೋ ಮೊಟ್ಟೆಯೋ ಸೇರುವಂತೆ ನೋಡಿಕೊಳ್ಳುವುದು ಮನೆಯವರ ಕೈಯಲ್ಲೇ ಇರುವ ಪರಿಹಾರಗಳು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಪ್ರೋಟೀನ್ ಹೆಚ್ಚಿಸಬೇಕು.

ಕೀಲು ಮತ್ತು ಮೂಳೆಗಳ ನೋವಿನ ವಿಚಾರದಲ್ಲಿ ಚಿಂತಾಮಣಿ ಭಾಗದ ಸ್ಥಿತಿ ಉಳಿದ ಕಡೆಗಿಂತ ಭಿನ್ನ. ಸದಾ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ತೆರೆದ ಬಾವಿಗಳು ಬತ್ತಿದ ಮೇಲೆ ಜನ ಕೊಳವೆಬಾವಿಗಳನ್ನು ನಂಬಿದರು. ಸಾವಿರ ಅಡಿ ದಾಟಿದ ಆಳದಿಂದ ಬರುವ ನೀರು ಗ್ರಾನೈಟ್ ಬಂಡೆಗಳ ನಡುವೆ ದೀರ್ಘಕಾಲ ನಿಂತು ಅವುಗಳಲ್ಲಿರುವ ಫ್ಲೋರೈಡ್ ಎಂಬ ಲವಣಾಂಶವನ್ನು ಕರಗಿಸಿಕೊಂಡು ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಸಹಿಸಿಕೊಳ್ಳಬಹುದು ಎನ್ನುವುದು ಭಾರತೀಯ ಮಾನದಂಡ. ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಅನೇಕ ಹಳ್ಳಿಗಳ ಕೊಳವೆಬಾವಿಗಳು ಈ ಮಿತಿಯನ್ನು ಮೀರಿವೆ. ಅಂಥ ನೀರನ್ನು ವರ್ಷಗಟ್ಟಲೆ ಕುಡಿದಾಗ ಫ್ಲೋರೈಡ್ ಮೂಳೆಯಲ್ಲಿ ಶೇಖರವಾಗಿ, ಕೀಲುಗಳನ್ನು ಕಟ್ಟಿಹಿಡಿದಿರುವ ನಾರುಗಳೂ ಗಡುಸಾಗಿ, ಮೊದಲು ಬೆಳಗಿನ ಬಿಗಿತ, ಬಳಿಕ ಸೊಂಟ ಮತ್ತು ಕತ್ತಿನ ಪೆಡಸುತನ, ಕೊನೆಗೆ ಬಾಗಿದ ಬೆನ್ನು ಉಳಿಯುತ್ತದೆ. ಇದಕ್ಕೆ ಮೂಳೆಯ ಫ್ಲೋರೋಸಿಸ್ ಎಂದು ಹೆಸರು.

ಈ ರೋಗವನ್ನು ಸಂಧಿವಾತದಿಂದ ಪ್ರತ್ಯೇಕಿಸುವುದು ಸುಲಭವಲ್ಲ, ಮುಪ್ಪಿನಿಂದ ಪ್ರತ್ಯೇಕಿಸುವುದಂತೂ ಇನ್ನೂ ಕಷ್ಟ. ಶಾಲೆಯ ಮಕ್ಕಳ ಹಲ್ಲಿನ ಮೇಲಿರುವ ಕಂದು ಪಟ್ಟೆಯನ್ನು ನೋಡಿ ಊರಿನ ನೀರಿನ ಗುಣವನ್ನು ಊಹಿಸಬಹುದು, ಆದರೆ ಹಲ್ಲಿನ ಪಟ್ಟೆ ಮೂಡುವುದು ಹಲ್ಲು ರೂಪುಗೊಳ್ಳುವ ಬಾಲ್ಯದಲ್ಲಿ ಮಾತ್ರ. ಬಾವಿ, ಕಲ್ಯಾಣಿಗಳ ನೀರು ಕುಡಿದು ಬೆಳೆದು ನಡುವಯಸ್ಸಿನಲ್ಲಿ ಕೊಳವೆಬಾವಿಗೆ ಬಂದ ತಲೆಮಾರಿನವರ ಹಲ್ಲು ಶುಭ್ರವಾಗಿಯೇ ಇದ್ದು ಮೂಳೆ ಮಾತ್ರ ಕೆಟ್ಟಿರಬಹುದು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಹಳ್ಳಿಗಳಲ್ಲಿ ನಾಣ್ಯ ಹಾಕಿ ನೀರು ಹಿಡಿಯುವ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿರುವುದು ದೊಡ್ಡ ಅನುಕೂಲವೇ ಆದರೂ, ಇಪ್ಪತ್ತು ಲೀಟರಿನ ಕ್ಯಾನನ್ನು ಮನೆಗೆ ಹೊತ್ತು ತರಲಾರದ ಒಂಟಿ ಹಿರಿಯರಿಗೆ ಆ ಘಟಕ ಇದ್ದೂ ಇಲ್ಲದಂತೆ. ಕ್ಯಾನಿನ ನೀರು ತರುವ ಮನೆಗಳಲ್ಲಿಯೂ ಅದು ಕುಡಿಯುವ ಲೋಟಕ್ಕಷ್ಟೇ ಮೀಸಲಾಗಿ, ಮುದ್ದೆಯ ಎಸರಿಗೂ ಸಾರಿಗೂ ಕೊಳವೆಬಾವಿಯ ನೀರೇ ಬೀಳುವುದುಂಟು. ಅಡುಗೆಗೂ ಶುದ್ಧ ನೀರನ್ನೇ ಬಳಸಬೇಕು ಎನ್ನುವುದು ಈ ಸೀಮೆಯ ಹಿರಿಯರ ಮಂಡಿ, ಬೆನ್ನುಗಳಿಗೆ ಹೇಳಬಹುದಾದ ಅತ್ಯಂತ ಅಗ್ಗದ ಮದ್ದು.

ಕಣ್ಣಿನ ವಿಚಾರ ಇಷ್ಟು ಜಟಿಲವಲ್ಲ. ನಲವತ್ತರ ಸುಮಾರಿಗೆ ಕಣ್ಣಿನ ಮಸೂರ ಬಿರುಸಾಗಿ ಹತ್ತಿರದ ಅಕ್ಷರ ಮಂಕಾಗುವುದನ್ನು ಕನ್ನಡದಲ್ಲಿ ‘ಚಾಳೀಸು’ ಎನ್ನುವುದುಂಟು, ಆ ಶಬ್ದದ ಅರ್ಥವೇ ನಲವತ್ತು. ಇದು ಶುದ್ಧ ವಯಸ್ಸಿನ ಬದಲಾವಣೆ, ಕನ್ನಡಕಕ್ಕೆ ಬಗ್ಗುತ್ತದೆ. ಮಸೂರವೇ ಮಸುಕಾಗುವ ಪೊರೆ ಮಾತ್ರ ಶಸ್ತ್ರಚಿಕಿತ್ಸೆ ಬೇಡುತ್ತದೆ. ರೇಷ್ಮೆ ಸಾಕುವ ಮನೆಗಳಲ್ಲಿ ಪೊರೆಯ ಸುಳಿವು ಮೊದಲು ಸಿಗುವುದು ಹುಳುಮನೆಯಲ್ಲೇ ಇರಬಹುದು: ನಾಲ್ಕು ಜ್ವರ, ಅಂದರೆ ಚರ್ಮ ಕಳಚುವ ಹಂತಗಳನ್ನು, ಮುಗಿಸಿ ಹಣ್ಣಾದ ಹುಳುವಿನ ಮೈ ನಸುಹಳದಿಯಾಗಿ ಪಾರದರ್ಶಕವಾಗುತ್ತದೆ, ಅದನ್ನು ಗುರುತಿಸಿ ಆಯ್ದು ಗೂಡು ಕಟ್ಟುವ ಚಂದ್ರಿಕೆಗೆ ಬಿಡುವ ಕೆಲಸದಲ್ಲಿ ಪಳಗಿದ ಹಿರಿಯರು ಹಸಿ ಹುಳುವನ್ನೂ ಎತ್ತಿ ಹಾಕತೊಡಗಿದರೆ ಕೈ ತಪ್ಪಿತೆಂದು ಬೈಯುವ ಬದಲು ಕಣ್ಣು ತೋರಿಸುವುದು ಲೇಸು. ಹಳ್ಳಿ ಹಳ್ಳಿಗೆ ಶಿಬಿರ ಒಯ್ದು ಪೊರೆ ತೆಗೆದ ಡಾ. ಎಂ.ಸಿ. ಮೋದಿಯವರ ಕಾಲದಿಂದ ಕರ್ನಾಟಕದ ಜನರಿಗೆ ಈ ಶಸ್ತ್ರಚಿಕಿತ್ಸೆಯ ಬಗ್ಗೆ ನಂಬಿಕೆಯಿದೆ, ಭಯವಿಲ್ಲ.

ಕಿವಿಯ ಬಗ್ಗೆ ಅಂಥ ನಂಬಿಕೆ ಇನ್ನೂ ಹುಟ್ಟಿಲ್ಲ. ವಯಸ್ಸಿನ ಕಿವುಡಿನಲ್ಲಿ ಮೊದಲು ಕೈಕೊಡುವುದು ಎತ್ತರದ ಧ್ವನಿಕಂಪನಗಳು; ಸ, ಶ, ಚ ಮುಂತಾದ ವ್ಯಂಜನಗಳು ಮಸುಕಾಗಿ ಸ್ವರಗಳು ಮಾತ್ರ ಉಳಿಯುವುದರಿಂದ ‘ಮಾತು ಕೇಳಿಸುತ್ತೆ, ಏನಂದರು ಅಂತ ತಿಳಿಯಲ್ಲ’ ಎಂದು ಹಿರಿಯರು ಹೇಳುವುದು ಅಕ್ಷರಶಃ ನಿಜ. ಅಂಥವರ ಎದುರು ಕಿರುಚಿದರೆ ಸ್ವರಗಳಷ್ಟೇ ಇನ್ನೂ ಜೋರಾಗಿ, ಮಾತು ಬೈಗುಳದಂತೆ ಕೇಳಿಸಿ ಜಗಳಕ್ಕೆ ದಾರಿಯಾಗುತ್ತದೆ. ಮುಖಕ್ಕೆ ಮುಖ ಕೊಟ್ಟು, ಟಿವಿ ಆರಿಸಿ, ನಿಧಾನವಾಗಿ ಮಾತಾಡಿದರೆ ಅರ್ಧ ತೊಂದರೆ ಕಳೆಯುತ್ತದೆ. ಉಳಿದ ಅರ್ಧಕ್ಕೆ ಶ್ರವಣಯಂತ್ರ ಬೇಕು. ಬಡತನ ರೇಖೆಗಿಂತ ಕೆಳಗಿರುವ 60 ದಾಟಿದವರಿಗೆ ಶ್ರವಣಯಂತ್ರ, ಕನ್ನಡಕ, ಕೃತಕ ದಂತಪಂಕ್ತಿ, ಊರುಗೋಲುಗಳನ್ನು ಉಚಿತವಾಗಿ ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ. ಕಿವಿಯನ್ನು ಅಲಕ್ಷಿಸಿದರೆ ಪೆಟ್ಟು ಕಿವಿಗಷ್ಟೇ ಬೀಳುವುದಿಲ್ಲ: ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ಆಯೋಗವು 2024ರಲ್ಲಿ ಪಟ್ಟಿಮಾಡಿದ, ಮರೆಗುಳಿತನಕ್ಕೆ ಎಡೆಮಾಡುವ ಮತ್ತು ತಡೆಯಬಹುದಾದ 14 ಕಾರಣಗಳಲ್ಲಿ ಕಿವುಡುತನ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಖಿನ್ನತೆ, ಒಂಟಿತನಗಳೂ ಸೇರಿವೆ. ಇವೆಲ್ಲವನ್ನೂ ಹತೋಟಿಯಲ್ಲಿಟ್ಟರೆ ಸುಮಾರು ಶೇ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂಬುದು ಆ ಆಯೋಗದ ಅಂದಾಜು.

ಮರೆಗುಳಿತನ, ಅಂದರೆ ವೈದ್ಯರು ಡಿಮೆನ್ಶಿಯಾ ಎನ್ನುವುದು, ಮೆದುಳಿನ ರೋಗಗಳಿಂದ ನೆನಪು, ಮಾತು, ವಿವೇಚನೆ ಕುಗ್ಗಿ ದೈನಂದಿನ ಬದುಕನ್ನು ಸ್ವತಂತ್ರವಾಗಿ ನಡೆಸಲಾಗದ ಸ್ಥಿತಿ. ಆಲ್‌ಝೈಮರ್ ಅದಕ್ಕೆ ಅತಿ ಸಾಮಾನ್ಯ ಕಾರಣ. ಭಾರತದಲ್ಲಿ 60 ದಾಟಿದವರ ಪೈಕಿ ಮರೆಗುಳಿತನ ಇರುವವರು ಶೇ 7.4ರಷ್ಟು ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜು ಮಾಡಿದೆ. ಅಂದರೆ ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ನೂರರಲ್ಲಿ ತೊಂಬತ್ತೆರಡು ಮಂದಿಯ ವಿಷಯದಲ್ಲಿ ಸುಳ್ಳು, ಉಳಿದವರ ವಿಷಯದಲ್ಲಿ ಅದು ರೋಗವನ್ನು ಮುಚ್ಚಿಡುವ ಪರದೆ. ವಯಸ್ಸಿನಿಂದ ನಿಜಕ್ಕೂ ಇಳಿಯುವುದು ಹೊಸದನ್ನು ಥಟ್ಟನೆ ಗ್ರಹಿಸುವ ಚುರುಕು. ಕೂಡಿಟ್ಟ ತಿಳಿವಳಿಕೆ, ಪದಸಂಪತ್ತು, ಅನುಭವದ ಅಂದಾಜು ಬಹುಕಾಲ ಉಳಿಯುತ್ತವೆ. ಹೊಸ ಫೋನಿನಲ್ಲಿ ಹಣ ಕಳಿಸಲು ತಡವರಿಸುವ ತಾತ ಟೊಮೆಟೊ ಮಂಡಿಯಲ್ಲಿ ಬಾಕ್ಸು ನೋಡಿದ ಕೂಡಲೇ ದರ ಅಂದಾಜಿಸುತ್ತಿದ್ದರೆ ಅದು ಆರೋಗ್ಯವಂತ ಮುಪ್ಪು. ಕನ್ನಡಕ ಎಲ್ಲಿಟ್ಟೆನೆಂದು ಮರೆಯುವುದು ಸಹಜ. ನಡೆದು ನಡೆದು ಸವೆದ ತೋಟದ ದಾರಿಯಲ್ಲೇ ದಿಕ್ಕು ತಪ್ಪುವುದು, ಎಷ್ಟೋ ವರ್ಷದಿಂದ ಮಾಡುತ್ತ ಬಂದ ಉಪ್ಸಾರಿಗೆ ಉಪ್ಪು ಯಾವಾಗ ಹಾಕಬೇಕೆಂದು ತೋಚದೆ ನಿಲ್ಲುವುದು ಸಹಜವಲ್ಲ. ಇವೆರಡಕ್ಕಿಂತಲೂ ಬೇರೆಯಾದದ್ದು ಒಂದೆರಡು ದಿನದೊಳಗೆ ಹಠಾತ್ತಾಗಿ ಶುರುವಾಗುವ ಗಲಿಬಿಲಿ. ಅದರ ಹಿಂದೆ ಮೂತ್ರದ ಸೋಂಕು, ಸೋಡಿಯಂ ಇಳಿಕೆ, ನೀರಿನ ಕೊರತೆ ಅಥವಾ ಹೊಸ ಮಾತ್ರೆ ಇರಬಹುದಾದ್ದರಿಂದ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ನಿಧಾನವಾದ ಮರೆವಿನ ಹಿಂದೆಯೂ ಬಿ12 ಜೀವಸತ್ವದ ಅಥವಾ ಥೈರಾಯ್ಡ್ ಹಾರ್ಮೋನಿನ ಕೊರತೆ ಇರಬಹುದು, ಎರಡಕ್ಕೂ ರಕ್ತಪರೀಕ್ಷೆಯೂ ಚಿಕಿತ್ಸೆಯೂ ಇವೆ.

ಚಿಂತಾಮಣಿಯ ಮಗ್ಗುಲಲ್ಲೇ ಇರುವ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕು ಮೆದುಳಿನ ಮುಪ್ಪಿನ ವಿಷಯದಲ್ಲಿ ದೇಶದ ಗಮನ ಸೆಳೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು 45 ವರ್ಷ ದಾಟಿದ ಸುಮಾರು 10,000 ಗ್ರಾಮೀಣ ಜನರನ್ನು ವರ್ಷಗಳ ಕಾಲ ಹಿಂಬಾಲಿಸಿ, ಆರೋಗ್ಯವಂತ ಮೆದುಳು ಹೇಗೆ ಮುದಿಯಾಗುತ್ತದೆ, ಯಾರಲ್ಲಿ ಮಾತ್ರ ಅದು ರೋಗದತ್ತ ತಿರುಗುತ್ತದೆ ಎಂದು ಅರಿಯಲು ಅಲ್ಲಿನ ಹಳ್ಳಿಗಳಲ್ಲಿ ಅಧ್ಯಯನ ನಡೆಸುತ್ತಿದೆ. ಮೆದುಳಿನ ಮುಪ್ಪಿನ ಬಗ್ಗೆ ಜಗತ್ತಿಗಿರುವ ತಿಳಿವಳಿಕೆಯ ಬಹುಪಾಲು ಶಾಲೆ ಕಲಿತ, ನಗರವಾಸಿ ಪಾಶ್ಚಾತ್ಯರನ್ನು ನೋಡಿ ಬಂದದ್ದು. ಹೆಬ್ಬೆಟ್ಟೊತ್ತುವ ರೈತಮಹಿಳೆಯ ನೆನಪನ್ನು ಅಳೆಯುವ ಕೋಲು ಬೇರೆಯಾಗಿರಬೇಕೆಂಬುದು ಇಂಥ ಕೆಲಸದಿಂದಲೇ ಸ್ಪಷ್ಟವಾಗುತ್ತದೆ.

ಆಂಧ್ರಕ್ಕೆ ಹತ್ತಿರದ ಈ ಗಡಿಸೀಮೆಗೆ ಸಂತೋಷ ಕೊಡುವ ಇನ್ನೊಂದು ಸಂಶೋಧನೆಯೂ ಇದೆ. ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಮರೆಗುಳಿ ರೋಗಿಗಳ ವಿವರಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎರಡು ಭಾಷೆ ಆಡುವವರಲ್ಲಿ ರೋಗದ ಲಕ್ಷಣ ಏಕಭಾಷಿಕರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಓದುಬರಹ ಬಾರದವರಲ್ಲಿಯೂ ಈ ವ್ಯತ್ಯಾಸವಿತ್ತು. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ, ನೆರೆಯ ಸಾಬರ ಮನೆಯವರೊಂದಿಗೆ ಉರ್ದು ಎಂದು ದಿನವಿಡೀ ಭಾಷೆ ಬದಲಿಸುವ ಚಿಂತಾಮಣಿಯ ಹಿರಿಯರು ತಮಗೆ ತಿಳಿಯದೆಯೇ ಮೆದುಳಿಗೆ ಕೆಲಸ ಕೊಡುತ್ತ ಬಂದವರು. ಇದು ರೋಗ ತಡೆಯುವ ಲಸಿಕೆಯಲ್ಲ, ಬೇರೆ ಕಡೆ ನಡೆದ ಎಲ್ಲ ಅಧ್ಯಯನಗಳೂ ಇದನ್ನು ಒಂದೇ ದನಿಯಲ್ಲಿ ಒಪ್ಪುವುದಿಲ್ಲ. ಆದರೆ ಭಾಷೆ ಬದಲಿಸಲು ಎದುರಿಗೆ ಮಾತಾಡುವವರು ಇರಬೇಕಷ್ಟೆ.

ಹಾಗೆ ಎದುರಿಗೆ ಕೂತು ಮಾತಾಡುವವರೇ ಕಡಿಮೆಯಾಗುತ್ತಿದ್ದಾರೆ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆಯಲ್ಲಿ 60 ದಾಟಿದವರು ಶೇ 9.5ರಷ್ಟಿದ್ದರು, ದೇಶದ ಸರಾಸರಿ ಶೇ 8.6, ಈ ಪಾಲು ಏರುತ್ತಲೇ ಇದೆ. ಬೆಂಗಳೂರು ಎರಡು ಗಂಟೆಯ ದಾರಿಯಾದ ಕಾರಣ ಮಕ್ಕಳು ಅಲ್ಲಿಯೇ ಮನೆ ಮಾಡಿ, ಹಬ್ಬಕ್ಕೋ ಪಹಣಿ ಕೆಲಸಕ್ಕೋ ಬಂದು ಹೋಗುತ್ತಾರೆ. ಇಳಿವಯಸ್ಸಿನ ಖಿನ್ನತೆ ಅಳುವಿನ ರೂಪದಲ್ಲಿ ಬರುವುದು ವಿರಳ. ಅದು ಹಸಿವಿಲ್ಲ, ಮೈ ಉರಿ, ಎದೆ ಭಾರ, ಏನೂ ಬೇಡ ಎಂಬ ಮಾತುಗಳ ಮರೆಯಲ್ಲಿ ಬರುತ್ತದೆ, ಗುಳಿಗೆ ಅಂಗಡಿಯ ಬಿ-ಕಾಂಪ್ಲೆಕ್ಸ್‌ನಿಂದ ಹೋಗುವುದಿಲ್ಲ. ಮನೆಯ ಬೀಗದ ಕೈ, ಸಂತೆಯ ಹಣ, ಮದುವೆಯ ಮಾತುಕತೆ ಒಂದೊಂದಾಗಿ ಕೈಬಿಟ್ಟುಹೋಗುವುದು ಮಂಡಿನೋವಿಗಿಂತ ಆಳವಾಗಿ ಕೊರೆಯುತ್ತದೆ. ಎಂಟಕ್ಕೆ ಮಲಗಿ ಮೂರಕ್ಕೆ ಎದ್ದು ಕೂರುವುದನ್ನು ಮಾತ್ರ ಖಿನ್ನತೆಯೆಂದು ತಿಳಿಯಬೇಕಾಗಿಲ್ಲ, ವಯಸ್ಸಾದಂತೆ ದೇಹದ ಗಡಿಯಾರ ಮುಂದಕ್ಕೆ ಸರಿಯುತ್ತದೆ, ಏಳು ಗಂಟೆಯ ನಿದ್ರೆ ಅಲ್ಲಿಗೆ ಮುಗಿದಿರುತ್ತದೆ. ಅದಕ್ಕೆ ನಿದ್ರೆಮಾತ್ರೆ ನುಂಗಿದರೆ ಕತ್ತಲಲ್ಲಿ ಎದ್ದು ಬಚ್ಚಲಿನ ಒದ್ದೆ ಚಪ್ಪಡಿಯ ಮೇಲೆ ಜಾರಿ ಸೊಂಟ ಮುರಿದುಕೊಳ್ಳುವ ಅಪಾಯವೇ ಹೆಚ್ಚು.

ನೆಲದ ಬೆಲೆ ಏರಿದ ಮೇಲೆ ಹಿರಿಯರ ನೆಮ್ಮದಿಗೆ ಕಾಗದಪತ್ರವೂ ಒಂದು ಕಾರಣವಾಗಿದೆ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007ರ 23ನೇ ಕಲಮಿನ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ದಾನಪತ್ರವನ್ನು, ಪಡೆದವರು ನೋಡಿಕೊಳ್ಳದಿದ್ದಲ್ಲಿ ರದ್ದುಪಡಿಸಲು ಅವಕಾಶವಿದೆ. ಆ ಷರತ್ತು ಪತ್ರದಲ್ಲೇ ಒಂದು ಸಾಲಾಗಿ ಇದ್ದರೆ ವಾದಕ್ಕೆ ಎಡೆಯಿರುವುದಿಲ್ಲ. ಪತ್ರಬರಹಗಾರರ ಮುಂದೆ ಕುಳಿತಾಗ ಅದನ್ನು ಕೇಳಲು ನಾಚಿಕೆಪಡಬೇಕಾಗಿಲ್ಲ.

ದೇಹ, ಮನಸ್ಸಿನ ಕಷ್ಟ ಹೇಳಿಕೊಳ್ಳಲು ಜಾಗವೇ ಇಲ್ಲವೆನ್ನುವ ಸ್ಥಿತಿಯೂ ಈಗ ಮೊದಲಿನಂತಿಲ್ಲ. ನಿಮ್ಹಾನ್ಸ್ ಸಂಸ್ಥೆಯ ನೆರವಿನಿಂದ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮಕ್ಕೆ ಮೊದಲು ಆರಿಸಿಕೊಂಡ ಪ್ರದೇಶಗಳಲ್ಲಿ ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಿದ್ದವು. ಮರೆವು, ಪಾರ್ಶ್ವವಾಯು, ಮೂರ್ಛೆ, ತಲೆನೋವುಗಳಿಗೆ ಜಿಲ್ಲಾ ಆಸ್ಪತ್ರೆಯಲ್ಲೇ ತಪಾಸಣೆ ಸಿಗಬೇಕೆಂಬುದು ಅದರ ಗುರಿ. ಅಲ್ಲಿಗೆ ಹೋಗುವಾಗ ನುಂಗುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು, ತೊಂದರೆ ಯಾವಾಗ ಶುರುವಾಯಿತೆಂದು ಬಲ್ಲ ಒಬ್ಬರನ್ನು ಜೊತೆಗೆ ಕರೆದೊಯ್ಯಬೇಕು. ಮೂಳೆನೋವಿದ್ದರೆ ಮನೆಯಲ್ಲಿ ಕುಡಿಯುವುದು ಯಾವ ನೀರೆಂದು ವೈದ್ಯರು ಕೇಳದಿದ್ದರೂ ಹೇಳಬೇಕು. ಪ್ರಯಾಣ ಮಾಡಲಾಗದವರಿಗೆ, ಮನಸ್ಸಿನ ಕಷ್ಟವನ್ನು ಊರಿನವರೆದುರು ಹೇಳಿಕೊಳ್ಳಲು ಹಿಂಜರಿಯುವವರಿಗೆ ಟೆಲಿ-ಮಾನಸ್ ಸಹಾಯವಾಣಿಯಿದೆ. ಅದರ ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲಿ ಮಾತಾಡಬಹುದು, ತೆಲುಗಿನಲ್ಲೂ ಆಗುತ್ತದೆ.